ನಾನು ಬರೆದ ಮೂರು ಸೊನ್ನೆ

ಐವತ್ತು ದಾಟಿದ ಮೇಲೆ ಮನುಷ್ಯರು ಹೊಸ ವಿದ್ಯೆ ಕಲಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಚಿಕ್ಕವರು ತಪ್ಪು ಮಾಡಿದರೆ ಗದರಿಸಿ ತಿದ್ದುವವರು ಇರುತ್ತಾರೆ. ಮುದುಕಿ ತಪ್ಪು ಮಾಡಿದರೆ ಎಲ್ಲರೂ ವಯಸ್ಸಿಗೆ ಮರ್ಯಾದೆ ಕೊಟ್ಟು ಸುಮ್ಮನಾಗುತ್ತಾರೆ. ತಪ್ಪು ತನ್ನ ಪಾಡಿಗೆ ತಾನು ಬೆಳೆಯುತ್ತದೆ. ನಾನು ಓದಿದ್ದು ಎರಡನೇ ಕ್ಲಾಸು. ಹೆಸರು ಬರೆಯುತ್ತೇನೆ, ಅಂಕಿ ಬರೆಯುತ್ತೇನೆ, ಬಸ್ಸಿನ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ಈ ಬರಹವನ್ನು ಮೊಮ್ಮಗಳು ತಿದ್ದಿದ್ದಾಳೆ. ಅವಳು ಅಲ್ಲಲ್ಲಿ ಸೇರಿಸಿದ್ದ ಕಣ್ಣೀರನ್ನು ನಾನು ತೆಗೆಸಿದ್ದೇನೆ.

ಬಳ್ಳಾರಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನಾನು ಆಯಾ ಆಗಿದ್ದೆ. ಕೌಲ್ ಬಜಾರಿನ ಮನೆಯಿಂದ ನಡೆದು ಹೋಗುವುದು, ನೆಲ ಒರೆಸುವುದು, ಹೆರುವವರನ್ನು ಬೈಯುವುದು, ಹೆತ್ತ ಮೇಲೆ ಅವರ ಅತ್ತೆಯರನ್ನು ಬೈಯುವುದು. ಅಲ್ಲಿಗೆ ಒಂದು ಸಲ ದೊಡ್ಡ ಡಾಕ್ಟರು ಹೊಸ ಯಂತ್ರ ತಂದರು. ಒಂದು ಪೆಟ್ಟಿಗೆ, ಅದಕ್ಕೊಂದು ತಂತಿ, ತಂತಿಯ ತುದಿಗೆ ಬೆರಳುದ್ದದ ಕೋಲು. ಹೊಟ್ಟೆಗೆ ಲೋಳೆಯಂಥ ಔಷಧ ಸವರಿ ಕೋಲು ಇಟ್ಟರೆ, ನಮ್ಮ ಕಿವಿಗೆ ಕೇಳದ ಸೂಕ್ಷ್ಮ ಶಬ್ದವೊಂದು ಒಳಗೆ ಹೋಗಿ, ಹರಿಯುವ ರಕ್ತಕ್ಕೆ ತಾಗಿ, ತಿರುಗಿ ಬಂದು ಪೆಟ್ಟಿಗೆಯಲ್ಲಿ ಧಸ್ ಧಸ್ ಎನ್ನುತ್ತದೆಯಂತೆ. ಡಾಕ್ಟರು ಕೇಳಿ, "ಒಂದು ಮಗು, ಚೆನ್ನಾಗಿದೆ" ಎಂದರು. ನಾನು ಬಕೆಟ್ಟು ಹಿಡಿದು ಹೋಗುತ್ತಿದ್ದವಳು, "ಎರಡದಾವ್ರಿ. ಒಂದರ ಹಿಂದ ಒಂದು ಓಡಾಕತ್ತೈತಿ" ಎಂದೆ. ನರ್ಸಮ್ಮ ನಕ್ಕಳು. ಆ ವಾರವೇ ಎರಡು ಹುಟ್ಟಿದವು. ಅಂದಿನಿಂದ ಡಾಕ್ಟರು ನನ್ನ ಮುಖ ನೋಡುವುದನ್ನು ಬಿಟ್ಟು ನನ್ನ ಕಿವಿ ನೋಡಲು ಶುರು ಮಾಡಿದರು.

ಆಗ ಸಿರುಗುಪ್ಪದಾಚೆ, ರಾರಾವಿಯ ಹತ್ತಿರ ಹೊಳೆಗೆ ಸೇತುವೆ ಕಟ್ಟುತ್ತಿದ್ದರು. ಸೇತುವೆಯ ಕಾಲು ಅಂದರೆ ಟೊಳ್ಳು. ಬಾವಿಯ ಹಾಗೆ ನದಿಯ ತಳಕ್ಕೆ ಇಳಿಸುತ್ತಾರೆ. ತಳದಲ್ಲಿ ಬಂಡೆ ಅಡ್ಡ ಬಂದರೆ ಮುಳುಗುಗಾರರು ತಲೆಗೆ ಹಿತ್ತಾಳೆಯ ಟೊಪ್ಪಿಗೆ ಹಾಕಿಕೊಂಡು, ಮೇಲಿನಿಂದ ಪೈಪಿನಲ್ಲಿ ಗಾಳಿ ಪಡೆಯುತ್ತ ಎಂಬತ್ತು ಅಡಿ ನೀರಿನೊಳಗೆ ಇಳಿದು ಅದನ್ನು ಒಡೆಯಬೇಕು. ಹಿಂದಿನ ಬೇಸಿಗೆಯಲ್ಲಿ ಇಬ್ಬರು ಮೇಲೆ ಬಂದು, ಬೀಡಿ ಹಚ್ಚಿ, ಬೀಡಿ ಮುಗಿಯುವ ಮೊದಲೇ ಸತ್ತಿದ್ದರು. ಹೊಳೆ ಬಲಿ ಕೇಳಿತೆಂದು ಉಳಿದವರು ಕೋಳಿ ಕೊಯ್ದಿದ್ದರು. ಈ ಸಲ ಆ ಆಳುಗಳನ್ನು ನೋಡಿಕೊಳ್ಳುವ ಹೊಣೆ ನಮ್ಮ ಡಾಕ್ಟರಿಗೆ ಬಂತು. ಡಾಕ್ಟರು ನನಗೆ ಗೋಲಿ ಸೋಡಾ ಒಡೆದು ತೋರಿಸಿದರು. "ಆಳದಲ್ಲಿ ಗಾಳಿ ರಕ್ತದಲ್ಲಿ ಕರಗಿರುತ್ತೆ, ಈರಮ್ಮ. ಬೇಗ ಮೇಲೆ ಬಂದರೆ ಹೀಗೆ ಗುಳ್ಳೆ ಏಳುತ್ತೆ. ಕೀಲಿಗೆ ಸೇರಿದರೆ ನೋವು, ಬೆನ್ನುಹುರಿಗೆ ಸೇರಿದರೆ ಕಾಲು ಹೋಯಿತು. ಗುಳ್ಳೆ ಎದೆ ದಾಟುವಾಗಲೇ ನಾವು ಈ ಯಂತ್ರದಲ್ಲಿ ಕೇಳಿಬಿಟ್ಟರೆ ಮನುಷ್ಯ ಉಳಿಯುತ್ತಾನೆ." ನಾನು ಸೋಡಾ ಕುಡಿದು, ಆಗಲಿ ಎಂದೆ.

ಎರಡು ತಿಂಗಳು ಕಲಿತೆ. ಡಾಕ್ಟರು ಎಲ್ಲಿಂದಲೋ ತರಿಸಿದ ಕ್ಯಾಸೆಟ್ಟಿನಲ್ಲಿ ಯಾರ್‍ಯಾರದೋ ಎದೆಯ ಶಬ್ದವಿತ್ತು. ಗುಳ್ಳೆ ಇಲ್ಲದಿದ್ದರೆ ಸೊನ್ನೆ, ತುಂಬಿ ಹೋಗಿದ್ದರೆ ನಾಲ್ಕು. ನನಗೆ ಅಂಕಿಗಿಂತ ಒಗ್ಗರಣೆ ಸಲೀಸು. ಎಲ್ಲೋ ಒಂದು ಸಾಸಿವೆ ಚಿಟ್ಟೆಂದರೆ ಒಂದು. ಆಗಾಗ ಸಿಡಿದರೆ ಎರಡು. ಎಡೆಬಿಡದೆ ಸಿಡಿದರೆ ಮೂರು. ಎದೆಬಡಿತವೇ ಕೇಳದಷ್ಟು ಸಿಡಿದರೆ ನಾಲ್ಕು. ಒಲೆ ಆರಿಸಿ, ಆಳನ್ನು ಗಾಳಿಪೆಟ್ಟಿಗೆಗೆ ಹಾಕಬೇಕು. ಗಾಳಿಪೆಟ್ಟಿಗೆ ಅಂದರೆ ದಂಡೆಯ ಮೇಲಿದ್ದ ಕಬ್ಬಿಣದ ದೊಡ್ಡ ಪೀಪಾಯಿ. ಒಳಗೆ ಕೂಡಿಸಿ, ಬಾಗಿಲು ಬಿಗಿದು, ಗುಳ್ಳೆ ಮತ್ತೆ ಕರಗುವಂತೆ ನೀರಿನಾಳದಷ್ಟೇ ಗಾಳಿ ಒತ್ತಿ, ಐದು ತಾಸು ನಿಧಾನವಾಗಿ ಬಿಡುತ್ತಾರೆ. ಸಿರುಗುಪ್ಪದ ಬಿಸಿಲಿನಲ್ಲಿ ಐದು ತಾಸು ಕಬ್ಬಿಣದೊಳಗೆ. ಆಳುಗಳು ಅದಕ್ಕೆ ಗೋರಿ ಎಂದು ಹೆಸರಿಟ್ಟಿದ್ದರು.

ಇನ್ನೊಂದು ಕಟ್ಟುನಿಟ್ಟಿತ್ತು. ಮಲಗಿಸಿ ಕೇಳಿದರೆ ಸಾಲದು. ಆಮೇಲೆ ಎಬ್ಬಿಸಿ ಬಸ್ಕಿ ಹೊಡೆಸಿ ಮತ್ತೆ ಕೇಳಬೇಕು. ಕಾಲಿನಲ್ಲಿ ಅಡಗಿ ಕೂತ ಗುಳ್ಳೆ ಆಗ ಎದ್ದು ಎದೆಗೆ ಬರುತ್ತದೆ. ಹೀಗೆ ಅರ್ಧರ್ಧ ತಾಸಿಗೆ ಒಮ್ಮೆ, ಮೂರು ಸಲ ಕೇಳಿ, ಪ್ರತಿ ಸಲದ ಅಂಕಿಯನ್ನು ಪುಸ್ತಕದಲ್ಲಿ ಬರೆಯಬೇಕು. ಮೀಸೆ ಹೊತ್ತ ಗಂಡಸರು ನನ್ನ ಮುಂದೆ ಸಾಲಿ ಹುಡುಗರ ಹಾಗೆ ಬಸ್ಕಿ ಹೊಡೆಯುತ್ತಿದ್ದರು. ನನಗೆ ಅದು ಹಿತವಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ.

ಅವರಲ್ಲಿ ಗಾದಿಲಿಂಗಪ್ಪ ಎಂಬವನು ಕುರುಗೋಡಿನವನು. ಮೊದಲು ಊರೂರಿನ ಬಾವಿಗೆ ಇಳಿದು ಬಿದ್ದ ಕೊಡ ತೆಗೆಯುತ್ತಿದ್ದ, ಬಿದ್ದ ಜನರನ್ನೂ ತೆಗೆಯುತ್ತಿದ್ದ. "ಕೊಡ ಹುಡುಕಬೇಕು ಯಕ್ಕಾ. ಹೆಣ ಹಂಗಲ್ಲ, ತಾನ ಬಂದು ಕೈ ಹಿಡೀತೈತಿ" ಎನ್ನುತ್ತಿದ್ದ. ನಾನು ಮೊದಲ ದಿನ ಅವನ ಎದೆಗೆ ಲೋಳೆ ಸವರಿದಾಗ, "ಲೇ, ನೋಡ್ರಲೇ, ಇಷ್ಟು ವರ್ಷಕ್ಕ ಒಬ್ಬಾಕಿ ನನ್ನ ಎದಿ ಮಾತು ಕೇಳಾಕ ಬಂದ್ಲು, ಆಕಿಗೂ ಹಲ್ಲಿಲ್ಲ" ಎಂದು ಎಲ್ಲರನ್ನೂ ನಗಿಸಿದ. ನಾನು ಕೋಲನ್ನು ಪಕ್ಕೆಲುಬಿಗೆ ಇನ್ನಷ್ಟು ಒತ್ತಿದೆ.

ಒಂದು ದಿನ ಅವನು ಮಧ್ಯಾಹ್ನ ಎರಡೂವರೆಗೆ ಮೇಲೆ ಬಂದ. ಡಾಕ್ಟರು ಬಳ್ಳಾರಿಗೆ ಹೋಗಿದ್ದರು. ಅವನ ಮಗಳನ್ನು ನೋಡಲು ಆ ಸಂಜೆ ಗಂಡಿನವರು ಕುರುಗೋಡಿಗೆ ಬರುವವರಿದ್ದರು; ಬಸ್ಸು ಮೂರು ಗಂಟೆಗೆ. ಮಲಗಿಸಿ ಕೇಳಿದೆ. ಶುದ್ಧವಾಗಿತ್ತು. "ಏಳು, ಬಸ್ಕಿ ಹೊಡಿ" ಎಂದೆ.

"ಇವತ್ತೊಂದು ದಿನ ಬಿಡು ಯಕ್ಕಾ. ನಿನ್ನಿ ಕಲ್ಲಿಗಿ ತಾಗಿ ಮೊಣಕಾಲು ನೋಯಾಕತ್ತೈತಿ."

"ಕೀಲು ನೋವು ಅಂದ್ರ ಡಾಕ್ಟರಿಗಿ ಹೇಳಬೇಕಂತ ಐತಿ."

"ಡಾಕ್ಟರು ಎಲ್ಲದಾರ? ಬಸ್ಸು ತಪ್ಪಿದ್ರ ಹುಡುಗಿ ಅಪ್ಪ ಎಲ್ಲಂತ ಬೀಗರು ಕೇಳಂಗಿಲ್ಲೇನು? ಹೆರೋರಿಗಿ ಬೈದಂಗ ನನಗೂ ಬೈಬ್ಯಾಡ."

ಮೊಣಕಾಲಿನ ಮೇಲೆ ತರಚಿದ ಗಾಯವೂ ಇತ್ತು. ನಾನು ನಂಬಿದೆ. ನಂಬಿದೆ ಅನ್ನುವುದಕ್ಕಿಂತ, ಮೂರು ಹೆಣ್ಣುಮಕ್ಕಳನ್ನು ಕೊಟ್ಟವಳು ನಾನು, ಬೀಗರ ಮುಂದೆ ಅಪ್ಪನಿಲ್ಲದ ಚಾಪೆ ಹೇಗಿರುತ್ತದೆಂದು ಗೊತ್ತಿತ್ತು. "ಹರಳೆಣ್ಣಿ ಬಿಸಿ ಮಾಡಿ ಹಚ್ಚಿಕೋ, ಹೋಗು" ಎಂದು ಕಳಿಸಿದೆ. ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಮೂರು ಮನೆ ಖಾಲಿ ಇದ್ದವು. ಮೂರರಲ್ಲೂ ಸೊನ್ನೆ ಬರೆದೆ. ನನಗೆ ಬರುವ ಅಂಕಿಗಳಲ್ಲೆಲ್ಲ ಬರೆಯಲು ಅದೇ ಸುಲಭ.

ಕುರುಗೋಡಿನಲ್ಲಿ ಬಸ್ಸು ನಿಂತಾಗ ಅವನಿಗೆ ಏಳಲು ಆಗಲಿಲ್ಲವಂತೆ. ಕಂಡಕ್ಟರು, "ಕುಡಿದು ಬಸ್ಸು ಹತ್ತತಾರ ನನ್ಮಕ್ಕಳು" ಎಂದು ಇಬ್ಬರಿಂದ ಎತ್ತಿಸಿ, ಜೋಳದ ಚೀಲದ ಹಾಗೆ ಕಟ್ಟೆಯ ಮೇಲೆ ಇಳಿಸಿದ. ಬೀಗರು ಬಂದಾಗ ಅಪ್ಪ ಚಾಪೆಯ ಮೇಲೆಯೇ ಇದ್ದ, ಆದರೆ ಮಲಗಿದ್ದ. ಸೊಂಟದ ಕೆಳಗೆ ಒದ್ದೆ. ಅವರು ಅವಲಕ್ಕಿ ಮುಟ್ಟದೆ ಎದ್ದು ಹೋದರು. ಮನೆಯವರಿಗೂ ಕುಡಿತವೆಂದೇ ಅನುಮಾನ, ಅಮಲು ಇಳಿದ ಮೇಲೆ ಏಳುತ್ತಾನೆಂದು ಬಿಟ್ಟರು. ನದಿಗೆ ಸುದ್ದಿ ಮುಟ್ಟಿದ್ದು ಮರುದಿನ ಬೆಳಿಗ್ಗೆ. ತಂದು ಪೀಪಾಯಿಯೊಳಗೆ ಹಾಕಿದರು. ಹೊತ್ತು ಮೀರಿತ್ತು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ.

ಡಾಕ್ಟರು ಪುಸ್ತಕ ತೆರೆದು ಆ ಮೂರು ಸೊನ್ನೆಗಳನ್ನು ಬಹಳ ಹೊತ್ತು ನೋಡಿದರು. "ಬಸ್ಕಿ ಹೊಡೆಸಿದ ಮೇಲೂ ಶುದ್ಧವಾಗಿತ್ತಾ, ಈರಮ್ಮ?" ಎಂದರು. ನಾನು ಹೂಂ ಎಂದೆ. ಅವರ ಮುಖ ಇಳಿಯಿತು. "ಹಾಗಾದರೆ ಈ ಯಂತ್ರವನ್ನು ನಂಬೋ ಹಾಗಿಲ್ಲ" ಎಂದರು. ಪಕ್ಕದಲ್ಲಿದ್ದ ಕಾಮಗಾರಿಯ ಇಂಜಿನಿಯರಿಗೆ ಮೊದಲಿನಿಂದಲೂ ಆ ಪೆಟ್ಟಿಗೆ ಕಂಡರೆ ಆಗುತ್ತಿರಲಿಲ್ಲ, ಕೆಲಸ ನಿಧಾನವಾಗುತ್ತದೆಂದು. "ನಾನು ಹೇಳಿರಲಿಲ್ಲೇನ್ರಿ ಸಾಹೇಬ್ರ? ಗಂಟು ಕಟ್ಟಿಸಿಬಿಡ್ರಿ. ನಾಳಿಂದ ಸೀದಾ ಕೆಲಸ ನಡೀಲಿ" ಎಂದ. ಯಂತ್ರಕ್ಕೆ ಬಟ್ಟೆ ಸುತ್ತತೊಡಗಿದರು. ಹೊರಗೆ ಹನ್ನೊಂದು ಜನ ಕೂತು ಬೀಡಿ ಸೇದುತ್ತಿದ್ದರು. ನಾಳೆಯಿಂದ ಅವರ ಎದೆ ಕೇಳುವವರಿಲ್ಲ.

ನಾನು ಅರ್ಧ ಗಂಟೆ ನೆಲ ಒರೆಸಿದೆ. ಡೇರೆಯ ಮಣ್ಣು ನೆಲ, ಒರೆಸಿದಷ್ಟೂ ಕೆಸರಾಯಿತು. ಆಮೇಲೆ ಹೋಗಿ ಹೇಳಿದೆ: "ಆ ಸೊನ್ನಿ ಯಂತ್ರದ್ದಲ್ಲರೀ, ನಂದು. ಒಂದ ಸಲ ಕೇಳಿ ಮೂರು ಬರದೀನಿ. ಬಸ್ಕಿ ಹೊಡಿಸಿಲ್ಲ."

ಬೈಯುತ್ತಾರೆಂದುಕೊಂಡಿದ್ದೆ. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಅವರು, "ಇಂಥ ಸೊನ್ನೆ ಪುಸ್ತಕದಲ್ಲಿ ಇನ್ನೆಷ್ಟಿವೆ?" ಎಂದು ಕೇಳಿದರು. ಇದೊಂದೇ ಎಂದು ಬಾಯಿಗೆ ಬಂದಿತ್ತು. "ಬಿಸಿಲು ಬಾಳ ಇದ್ದ ದಿನ ನಾಕೈದು ಇರಬಹುದ್ರಿ" ಎಂದೆ. ಆ ನಾಲ್ಕೈದು ಜನ ಹೊರಗೆ ಕಾಲು ಚಾಚಿ ಕೂತಿದ್ದರು, ಯಾರೆಂದು ನನಗೂ ನೆನಪಿರಲಿಲ್ಲ. ಡಾಕ್ಟರು ಎದ್ದು ಯಂತ್ರದ ಬಟ್ಟೆ ಬಿಚ್ಚಿದರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ನನ್ನಂಥ ಕಿವಿ ಬೇರೆ ಸಿಗಲಿಲ್ಲವೋ, ಅಥವಾ ಇದೇ ಶಿಕ್ಷೆಯೋ, ಅವರು ಹೇಳಲಿಲ್ಲ.

ಕುರುಗೋಡಿಗೆ ಹೋಗಿದ್ದೆ. ಗಾದಿಲಿಂಗಪ್ಪನ ಹೆಂಡತಿ ಬಾಗಿಲಲ್ಲಿ ನಿಂತು, "ಏನು ಕೇಳಾಕ ಬಂದೀ? ಕಾಲಿನಾಗ ಸಪ್ಪಳ ಇಲ್ಲ, ಹೋಗು" ಎಂದಳು. ನೀರು ಕೊಡಲಿಲ್ಲ. ಸರಿಯೇ. ಅವನು ಮಾತ್ರ ಒಳಗಿನಿಂದ ಕರೆದು ಕೂರಿಸಿದ. "ಯಕ್ಕಾ, ತಪ್ಪು ನಂದು, ಬೆಣ್ಣಿ ಹಚ್ಚಿದಾಂವ ನಾನು. ಈಗ ನನ್ನ ಟೊಪ್ಪಿಗಿ ನನ್ನ ಭಾಮೈದ ಯಂಕಣ್ಣ ಹಾಕ್ಯಾನ. ನಾಳಿಯಿಂದ ಇಳೀತಾನ. ಅಂವ ನನಕಿಂತ ಚಲೋ ಬೆಣ್ಣಿ ಹಚ್ಚತಾನ, ನೋಡಿಕೋ."

ಹಚ್ಚಿದ. ಒಂದು ವಾರವೂ ಆಗಿರಲಿಲ್ಲ. ಮಲಗಿದಾಗ ಶುದ್ಧ. "ಅವ್ವಾ, ತಾಯಿ, ಮೊಣಕಾಲು ಹಿಡದೈತಿ, ನಿನ್ನ ಮಗ ಅನ್ಕೋ" ಎಂದು ಕೈ ಮುಗಿದ. "ನನ್ನ ಮಗ ಆಗಿದ್ರ ಒದೀತಿದ್ದೆ, ಏಳಲೇ" ಎಂದು ರಟ್ಟೆ ಹಿಡಿದು ಎಬ್ಬಿಸಿದೆ. ಅಳುತ್ತಲೇ ಬಸ್ಕಿ ಹೊಡೆದ. ಕೋಲು ಇಟ್ಟೆ. ಇಡೀ ಬಾಣಲೆ ಒಮ್ಮೆಲೇ ಸಿಡಿಯಿತು; ಎದೆಬಡಿತವೇ ಕೇಳಲಿಲ್ಲ. ನಾಲ್ಕು ಜನ ಹೊತ್ತುಕೊಂಡು ಹೋಗಿ ಪೀಪಾಯಿಗೆ ಹಾಕಿದರು. ಐದು ತಾಸು ಒಳಗಿನಿಂದ ಕಬ್ಬಿಣ ಬಡಿಯುತ್ತ, ನನ್ನ, ನಮ್ಮವ್ವನ, ನಮ್ಮಜ್ಜಿಯ ನಡತೆಯನ್ನೆಲ್ಲ ಹೊಳೆಯಾಚೆಗೆ ಕೇಳುವಂತೆ ಹೇಳಿದ. ಕಿವಿ ಚುರುಕಿದ್ದರಿಂದ ಒಂದು ಮಾತೂ ತಪ್ಪಿಹೋಗಲಿಲ್ಲ.

ಸೇತುವೆ ಮುಗಿದು ಎಷ್ಟೋ ವರ್ಷವಾಯಿತು. ನನ್ನಿಂದ ಕಾಲು ಕಳೆದುಕೊಂಡ ಗಾದಿಲಿಂಗಪ್ಪ ಈಗಲೂ ಸುಗ್ಗಿಯಲ್ಲಿ ಬಂದವರ ಕೈಯಲ್ಲಿ ಶೇಂಗಾ ಕಳಿಸುತ್ತಾನೆ, ಈರಕ್ಕ ಬಾಳ ಒಳ್ಳೇಕಿ ಎಂದು ಹೇಳಿ ಕಳಿಸುತ್ತಾನೆ. ನನ್ನಿಂದ ಕಾಲು ಉಳಿಸಿಕೊಂಡ ಯಂಕಣ್ಣ ಬಳ್ಳಾರಿಯಲ್ಲೇ ಇದ್ದಾನೆ; ನನ್ನನ್ನು ಕಂಡರೆ ಉಗುಳಿ, ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾನೆ. ಶೇಂಗಾ ನನಗೆ ಹಲ್ಲಿಲ್ಲದ್ದರಿಂದ ತಿನ್ನಲಾಗುವುದಿಲ್ಲ, ಮಕ್ಕಳಿಗೆ ಹಂಚುತ್ತೇನೆ. ಯಂಕಣ್ಣ ರಸ್ತೆ ದಾಟುವಾಗ ಮಾತ್ರ ನಿಂತು, ಕೊನೆಯ ಹೆಜ್ಜೆಯವರೆಗೂ ನೋಡಿಯೇ ಮನೆಗೆ ಬರುತ್ತೇನೆ.