ಮೈದುನನ ಮಾಸ್ಟರ್ ಮಿಷನ್

ದನದ ಹಿಂಡಿ ತುಂಬಿದ ಬಾಟಲಿಗಳನ್ನು ಹಸುಗೂಸಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಬರುವ ಗಂಡಸನ್ನು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ದಿನಾ ಊಟ ಬಡಿಸಿದ್ದೇನೆ! ಆತ ನನ್ನ ಮೈದುನ.

ಪಶು ಆಹಾರದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಹಿಂಡಿಯ ಮೇಲೆ ಕಣ್ಣಿಗೆ ಕಾಣದ ಬೆಳಕು ಬಿಟ್ಟು ತೇವ ಎಷ್ಟು, ಪ್ರೋಟೀನ್ ಎಷ್ಟು ಅಂತ ಹೇಳುವ ಮಿಷನ್ ಭದ್ರಾವತಿಯಲ್ಲಿತ್ತು. ತೊಂಬತ್ತರ ದಶಕದ ಕೊನೆಗೆ ಶಿವಮೊಗ್ಗಕ್ಕೂ ಹೊಸದೊಂದು ಬಂತು. ಅದೇ ಕಂಪನಿ, ಅದೇ ಬಣ್ಣ. ಆದರೆ ಒಂದೇ ಬಾಟಲಿ ನೋಡಿ ಅದು ಒಂದು ಹೇಳಿದರೆ ಇದು ಇನ್ನೊಂದು. ಥೇಟ್ ವಾರಗಿತ್ತಿಯರು! ಹೊಸದಕ್ಕೆ ಮೊದಲಿಂದ ಪಾಠ ಹೇಳಲು ವರ್ಷಗಟ್ಟಲೆ ಬೇಕಂತೆ. ಅದಕ್ಕೇ ಈತ ಅವೇ ಬಾಟಲಿಗಳನ್ನು ಎರಡಕ್ಕೂ ತೋರಿಸಿ, ವ್ಯತ್ಯಾಸ ಹಿಡಿದು, ಹಳೆಯದರ ವಿದ್ಯೆಯನ್ನು ಹೊಸದಕ್ಕೆ ದಾಟಿಸುತ್ತಿದ್ದ. ಕಂಡಕ್ಟರು "ಚೀಲ ಕೆಳಗಿಡಿ" ಅಂದರೆ, "ಬೇಕಾದ್ರೆ ನಾನೇ ನಿಂತ್ಕೋತೀನಿ ಮಾರಾಯ, ಇವಕ್ಕೆ ಸೀಟ್ ಬೇಕು" ಅನ್ನುತ್ತಿದ್ದನಂತೆ!

"ಹಳೇದು ಮುದಿಯಾಗಿದ್ಯಲ್ಲಪ್ಪ, ಅದನ್ನೇ ಯಾಕೆ ನಂಬ್ತೀಯ?" ಅಂದೆ.

"ಅದು ಮಾಸ್ಟರ್ ಮಿಷನ್ ಅತ್ಗೆ. ಇಷ್ಟು ವರ್ಷದ ಲೆಕ್ಕ ಅದರ ಮೇಲೇ ನಿಂತಿದೆ. ಹೊಸದೇ ತಗ್ಗಿ ನಡೀಬೇಕು."

ಆಗಲೇ ರವೀಂದ್ರನಗರದ ನಮ್ಮ ಮನೆಯಲ್ಲೂ ಒಂದು ರಗಳೆ. ವಯಸ್ಸಾಗಿ ಅತ್ತೆಯ ನಾಲಿಗೆಗೆ ಉಪ್ಪು ಹತ್ತುತ್ತಿರಲಿಲ್ಲ. ಸಾರು ಬಾಯಿಗಿಡುವ ಹಾಗಿಲ್ಲ! ನಮ್ಮ ಯಜಮಾನರಿಗೆ ಬಿಪಿ ಬೇರೆ. ಆದರೆ ಹೇಳುವವರು ಯಾರು? ಸೌಟು ಕಿತ್ತುಕೊಂಡರೆ ಅತ್ತೆ ಹಾಸಿಗೆ ಹಿಡಿದಂತೆಯೇ.

ಒಂದು ಭಾನುವಾರ ಮೈದುನ ಐದು ಬಟ್ಟಲು ಸಾರಿಟ್ಟ. ಒಂದಕ್ಕಿಂತ ಒಂದಕ್ಕೆ ಒಂದೊಂದು ಚಿಟಿಕೆ ಉಪ್ಪು ಜಾಸ್ತಿ. ನಮ್ಮಿಬ್ಬರಿಗೂ ರುಚಿ ತೋರಿಸಿದ. ನನಗೆ ಎರಡನೆಯದು ಹದ, ಅತ್ತೆಗೆ ನಾಲ್ಕನೆಯದು. ಎಲ್ಲರೆದುರು ತೀರ್ಪು ಕೊಟ್ಟ: "ಅಮ್ಮಂದೇ ಮಾಸ್ಟರ್. ಅತ್ಗೇದು ತಪ್ಪು!"

"ಕೇಳಿಸ್ತೇನೇ?" ಅಂತ ಅತ್ತೆ ಸೆರಗು ಸಿಕ್ಕಿಸಿದರು. ನನಗೆ ಮೈಯೆಲ್ಲ ಉರಿ!

ಹಿತ್ತಿಲಿಗೆ ಕರೆದು ಪಿಸುಗುಟ್ಟಿದ. "ವ್ಯತ್ಯಾಸ ಎರಡೇ ಚಿಟಿಕೆ ಅತ್ಗೆ. ಉಪ್ಪಿನ ಡಬ್ಬಿ ನಿಮ್ಮ ಕೈಲಿರ್ಲಿ, ನಿಮ್ಮ ಹದಕ್ಕೇ ಹಾಕಿ. ಅಮ್ಮ ಇನ್ನೆರಡು ಚಿಟಿಕೆ ಅಂದ್ರೆ, ಹೂಂ ಅಂತ ಖಾಲಿ ಬೆರಳಲ್ಲೇ ಉದುರಿಸಿದ ಹಾಗೆ ಮಾಡಿ."

"ಮತ್ತೆ ರುಚಿ ನೋಡಿದ್ರೆ?"

"ಹಾಕಿದ್ದನ್ನ ಕಣ್ಣಾರೆ ಕಂಡಿರ್ತಾರಲ್ಲ! ಸರಿ ಅಂತಾರೆ."

ಅಂದರು ಕೂಡ! ಕೊನೆಯವರೆಗೂ ಅತ್ತೆ "ಈಗ ನೋಡು, ಹದವಾಯ್ತು" ಅನ್ನುತ್ತಾ ಅಡುಗೆಮನೆಯ ಯಜಮಾನಿಯಾಗಿಯೇ ಇದ್ದರು.

ಈಗ ನನಗೂ ಸೊಸೆ ಬಂದಿದ್ದಾಳೆ. ಮೊನ್ನೆ ಮೈದುನ ಊಟಕ್ಕೆ ಬಂದಿದ್ದ. ನಾನು ಸಾರಿನ ರುಚಿ ನೋಡಿ, "ಎರಡು ಚಿಟಿಕೆ ಉಪ್ಪು ಹಾಕಮ್ಮ" ಅಂದೆ. ಸೊಸೆ "ಹೂಂ ಅತ್ತೆ" ಅಂತ ಡಬ್ಬಿಗೆ ಕೈಹಾಕಿ ಉದುರಿಸಿದಳು. ಆ ಆಟ ಆಡಿಯೇ ಮುದುಕಿಯಾದವಳಲ್ಲವೇ ನಾನು? ಗಪ್ಪನೆ ಕೈ ಹಿಡಿದೆ. ಬೆರಳ ತುದಿಯಲ್ಲಿ ಒಂದು ಹರಳಿಲ್ಲ! ಸೊಸೆ ಮೆಲ್ಲಗೆ ಮೈದುನನ ಕಡೆ ನೋಡಿದಳು.

"ಕಳ್ಳ! ಇವಳಿಗೂ ಕಲಿಸಿಬಿಟ್ಯಾ? ನನ್ನ ನಾಲಿಗೆ ಕೆಟ್ಟಿದೆ ಅಂತ ಬಾಯಿಬಿಟ್ಟು ಹೇಳೋಕೇನು ಕಷ್ಟ ನಿಂಗೆ?"

ಆತ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಕೆಟ್ಟಿದೆ ಅಂದೋರ್ಯಾರು ಅತ್ಗೆ? ಈಗ ನೀವೇ ಮಾಸ್ಟರ್. ತಗ್ಗಿ ನಡೆಯೋದೇನಿದ್ರೂ ನಾವು."