ಮೆಟ್ಟಿಲಿಳಿದ ಬಿಯರು

ಯೀಸ್ಟ್ ಎಂಬ ಜೀವಿಯ ಬಗ್ಗೆ ನನಗಿದ್ದಷ್ಟು ತಿಳಿವಳಿಕೆ ಸ್ಟುಟ್‌ಗಾರ್ಟ್‌ನ ಕನ್ನಡಿಗರಲ್ಲಿ ಇನ್ನಾರಿಗೂ ಇರಲಿಲ್ಲ. ನಾವಿದ್ದದ್ದೇ ನಾಲ್ಕು ಮಂದಿ, ಅದು ಬೇರೆ ಮಾತು. ನನ್ನ ಡಾಕ್ಟರೇಟೇ ಯೀಸ್ಟ್ ಮೇಲೆ. ಮೂರು ವರ್ಷ ಅದನ್ನು ಮಗುವಿನಂತೆ ಸಾಕಿದ್ದೆ. ಸಾಕಿದ್ದು ಬೆರಳುದ್ದದ ಗಾಜಿನ ಕೊಳವೆಯಲ್ಲಿ ಎಂಬುದನ್ನು ಮಾತ್ರ ಆಗಾಗ ಮರೆಯುತ್ತಿದ್ದೆ.

ಎಪ್ಪತ್ತರ ದಶಕದ ಒಂದು ಚಳಿಗಾಲ. ಹೆಂಡತಿ ಶಾಂತಾಳಿಗೆ ಏಳು ತಿಂಗಳು. ಬಾಣಂತನಕ್ಕೆಂದು ಮೈಸೂರಿನಿಂದ ಅತ್ತೆ ಆರು ತಿಂಗಳಿಗೆ ಬರುವವರಿದ್ದರು. ನಮ್ಮ ಬಾಡಿಗೆ ಕರಾರಿನಲ್ಲಿ ಅತಿಥಿಗಳಿಗೆ ಇದ್ದ ಅವಕಾಶ ಎರಡೇ ವಾರ. ಮನೆಯ ಮಾಲೀಕ ಹೆರ್ ಹೇಬರ್ಲೆ ನಿವೃತ್ತ ರೈಲು ಚಾಲಕರು, ಹೆಂಡತಿ ತೀರಿಕೊಂಡ ಮೇಲೆ ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದರು. ಲೋಕದಲ್ಲಿ ಅವರಿಗೆ ಪ್ರಿಯವಾದವು ಎರಡು: ಬಿಯರು, ಮತ್ತು ಮೇಣ ಹಾಕಿ ತಿಕ್ಕಿದ ಮರದ ಮೆಟ್ಟಿಲು. ಆ ಮೆಟ್ಟಿಲನ್ನು ಗುಡಿಸಿ ಒರೆಸುವ ಸರದಿಗೆ ಅಲ್ಲಿ ಕೇರ್‌ವೋಖೆ ಎನ್ನುತ್ತಾರೆ. ಯಾರ ವಾರವೋ ಅವರ ಬಾಗಿಲಿಗೆ ಒಂದು ಹಲಗೆ ತೂಗುತ್ತದೆ. ಹಲಗೆ ತೂಗಿತೆಂದರೆ ಸೂತಕವಿದ್ದರೂ ಗುಡಿಸಬೇಕು.

ಅತ್ತೆಯವರಿಗಾಗಿ ಹೇಬರ್ಲೆಯವರ ಅನುಮತಿ ಕೇಳುವ ಗುರುತರ ಹೊಣೆಯನ್ನು ನಾನೇ ಹೊತ್ತೆ. ಮುಂದಿನ ತಿಂಗಳು ಹೇಬರ್ಲೆಯವರ ಹುಟ್ಟುಹಬ್ಬ. ಸ್ವಹಸ್ತದಿಂದ ತಯಾರಿಸಿದ ಬಿಯರು ಕೊಟ್ಟು ಕೇಳಿದರೆ ಯಾವ ಜರ್ಮನ್ ತಾನೇ ಇಲ್ಲ ಎಂದಾನು?

ಬಾರ್ಲಿ ಮಾಲ್ಟ್ ತಂದೆ, ಕುದಿಸಿದೆ, ಸೋಸಿದೆ, ಆರಿಸಿದೆ. ಇಪ್ಪತ್ತು ಲೀಟರಿನ ಎನಾಮಲ್ ಪಾತ್ರೆಗೆ ಕಂಠಮಟ್ಟ ತುಂಬಿ ಯೀಸ್ಟ್ ಹಾಕಿದೆ. ಶಾಂತಾ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

"ಸ್ವಲ್ಪ ಜಾಗ ಬಿಡ್ರೀ, ಉಕ್ಕತ್ತೆ."

"ಇದು ಇಡ್ಲಿ ಹಿಟ್ಟಲ್ಲ ಕಣೆ. ಇದು ಬಯೋಕೆಮಿಸ್ಟ್ರಿ."

"ಆಯ್ತಪ್ಪ. ಅಂದಹಾಗೆ, ಹೇಬರ್ಲೆಯವರ ವಿಷಯ ಒಂದು ಹೇಳ್ಬೇಕಿತ್ತು..."

"ಈಗ ಬೇಡ, ಟೆಂಪರೇಚರ್ ನೋಡ್ತಿದೀನಿ."

ಎರಡು ದಿನವಾದರೂ ಒಂದು ಗುಳ್ಳೆ ಏಳಲಿಲ್ಲ. ನನ್ನ ಡಾಕ್ಟರೇಟಿನ ಮೇಲೆ ನನಗೇ ಅನುಮಾನ ಬಂತು. ಆಗ ನೆನಪಾದದ್ದು, ಹೇಳಲು ನಾಚಿಕೆ, ಇಡ್ಲಿ ಹಿಟ್ಟೇ. ಆ ಚಳಿಯಲ್ಲಿ ಹಿಟ್ಟು ಹುಳಿ ಬಾರದಿದ್ದರೆ ಶಾಂತಾ ಪಾತ್ರೆಗೆ ಶಾಲು ಸುತ್ತಿ ಹೀಟರಿನ ಪಕ್ಕ ಇಡುತ್ತಿದ್ದಳು. ಬೀರುವಿನ ಮೇಲೆ ದಪ್ಪನೆಯದೊಂದು ಪುಕ್ಕದ ರಜಾಯಿ ಕಂಡಿತು. ಅದು ನಮ್ಮ ಮನೆಗೆ ಎಂದು ಬಂತು, ಹೇಗೆ ಬಂತು ಎಂಬ ಕ್ಷುಲ್ಲಕ ಪ್ರಶ್ನೆಗಳನ್ನು ವಿಜ್ಞಾನಿಯಾದವನು ಕೇಳಿಕೊಳ್ಳುವುದಿಲ್ಲ. ಪಾತ್ರೆಯನ್ನು ಬಾಗಿಲ ಬಳಿಯ ಹೀಟರಿಗೆ ಒರಗಿಸಿ, ರಜಾಯಿಯನ್ನು ತಲೆತುಂಬ ಹೊದಿಸಿದೆ.

ಮರುದಿನ ಶನಿವಾರ. ಶಾಂತಾ ಇನ್ನೂ ಮಲಗಿದ್ದಳು. ನಾನು ಸಾಮಾನು ತರಲು ಹೋಗಿ ಹತ್ತೂವರೆಗೆ ಬಂದೆ. ಬೀದಿ ಬಾಗಿಲು ತೆರೆದರೆ ಹೆರ್ ಹೇಬರ್ಲೆ ಮೆಟ್ಟಿಲ ಬುಡದಲ್ಲಿ ಪೊರಕೆ ಹಿಡಿದು ನಿಂತಿದ್ದಾರೆ. ಅವರ ದೃಷ್ಟಿ ಹಿಡಿದು ಮೇಲೆ ನೋಡಿದೆ. ಕಂದು ಬಣ್ಣದ ನೊರೆ ನಮ್ಮ ಬಾಗಿಲ ಸಂದಿಯಿಂದ ಹೊರಟು, ಒಂದೊಂದೇ ಮೆಟ್ಟಿಲನ್ನು ಅವಸರವಿಲ್ಲದೆ ಇಳಿದು ಬರುತ್ತಿತ್ತು. ಬಾಗಿಲ ಮೇಲೆ ಹಲಗೆ ತೂಗುತ್ತಿತ್ತು. ಆ ವಾರ ನಮ್ಮದೇ!

ಓಡಿದೆ. ಮೂರನೆಯ ಮೆಟ್ಟಿಲಲ್ಲಿ ಜಾರಿ, ಹತ್ತಬೇಕಾದ್ದನ್ನು ಕೂತುಕೊಂಡೇ ಇಳಿದೆ. ಅತ್ತೆಯ ಆರು ತಿಂಗಳು ಕಣ್ಣೆದುರಿಗೇ ನೊರೆಯಲ್ಲಿ ತೇಲಿಹೋಯಿತು. ಹೆರಿಗೆಯಾದ ಮೇಲೆ ಶಾಂತಾಳನ್ನು ಯಾರು ನೋಡಿಕೊಳ್ಳುತ್ತಾರೆ, ಮಗುವಿಗೆ ಎಣ್ಣೆನೀರು ಹಾಕುವುದು ಯಾರು ಎಂದು ನಿಜಕ್ಕೂ ಹೆದರಿಕೆಯಾಯಿತು. ಕೂತಲ್ಲಿಂದಲೇ ನನಗೆ ಬರುವ ಜರ್ಮನ್‌ನಲ್ಲೆಲ್ಲ ಕ್ಷಮೆ ಕೇಳಿದೆ.

ಸದ್ದಿಗೆ ಎದ್ದ ಶಾಂತಾ ಬಾಗಿಲು ತೆಗೆದಳು. ಅವಳ ಹಿಂದೆ ಪಾತ್ರೆ ಬುಸುಗುಟ್ಟುತ್ತಿತ್ತು. ರಜಾಯಿ ನೆನೆದು ತೊಪ್ಪೆಯಾಗಿತ್ತು.

"ಅಯ್ಯೋ, ಅದನ್ಯಾಕ್ರೀ ಹೊದಿಸಿದ್ರಿ? ಅದು ಅಮ್ಮಂಗೆ!"

"ಅಮ್ಮಂಗಾ?"

"ಹೇಬರ್ಲೆಯವರೇ ಕೊಟ್ರು. ಹೋದ ವಾರ ಒಂದು ತಟ್ಟೆ ಚಕ್ಲಿ ತಗೊಂಡು ಹೋಗಿ ಕೇಳ್ದೆ. ಆರು ತಿಂಗಳು ಇರಲಿ, ಇಲ್ಲಿ ಚಳಿ ಜಾಸ್ತಿ ಅಂತ ತಮ್ಮ ಹೆಂಡತಿಯ ರಜಾಯಿ ಕೊಟ್ಟು ಕಳಿಸಿದ್ರು. ಹೇಳೋಕೆ ಬಂದ್ರೆ ನೀವು ಟೆಂಪರೇಚರ್ ನೋಡ್ತಿದ್ರಿ."

ತೀರಿಕೊಂಡ ಹೆಂಡತಿಯ ರಜಾಯಿ! ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಹೇಬರ್ಲೆ ನಿಧಾನವಾಗಿ ಮೇಲೆ ಬಂದು ರಜಾಯಿಯ ತುದಿ ಹಿಡಿದು ಮೂಸಿದರು.

"ನಾನು ಕುಡಿದು ಬಂದ ದಿನ ಲೀಸೆಲ್ ಈ ರಜಾಯಿಯೊಳಗೆ ಸೇರಿಸುತ್ತಿರಲಿಲ್ಲ," ಎಂದರು. "ಬಿಯರಿನ ವಾಸನೆ ತಾಗುತ್ತದಂತೆ." ಅವರ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾರೆಂದು ಗಾಬರಿಯಾದೆ. ನಗುತ್ತಿದ್ದರು. ಕಣ್ಣೊರೆಸಿಕೊಂಡು ನೊರೆಯಲ್ಲಿ ಬೆರಳದ್ದಿ ನೆಕ್ಕಿ, "ರುಚಿ ಪರವಾಗಿಲ್ಲ. ಪಾತ್ರೆಯಲ್ಲಿ ಜಾಗ ಬಿಡಬೇಕಿತ್ತು," ಎಂದು ಪೊರಕೆಯನ್ನು ನನ್ನ ಕೈಗಿತ್ತು ಇಳಿದುಹೋದರು.

ಮೆಟ್ಟಿಲನ್ನು ಮೂರು ಸಲ ಒರೆಸಿ ಮೇಣ ತಿಕ್ಕಿದೆ. ರಜಾಯಿಯನ್ನು ಲಾಂಡ್ರಿಗೆ ಎರಡು ಸಲ ಕಳಿಸಿದೆ. ಪುಕ್ಕದೊಳಗಿನ ವಾಸನೆ ಹೋಗಲಿಲ್ಲ.

ಅತ್ತೆ ಬಂದರು. ಮೊದಲ ಬೆಳಿಗ್ಗೆ ಕಾಫಿ ಕುಡಿಯುತ್ತಾ, "ಹೊದಿಕೆ ಬೆಚ್ಚಗಿದೆ ಅಳಿಯಂದಿರೇ. ಏನೋ ಹುಳಿ ವಾಸನೆ ಬರತ್ತಲ್ಲ?" ಎಂದರು.

ಜೀವಮಾನದಲ್ಲಿ ಬಿಯರಿನ ಹೆಸರನ್ನೂ ಎತ್ತದ ಹೆಂಗಸು. "ಇಡ್ಲಿ ಹಿಟ್ಟು ಉಕ್ಕಿ ಚೆಲ್ಲಿತ್ತು ಅತ್ತೆ," ಎಂದೆ. ಶಾಂತಾ ಸೆರಗು ಬಾಯಿಗಿಟ್ಟು ಒಳಗೆ ಹೋದಳು.

ಅತ್ತೆ ಕನಿಕರದಿಂದ ನನ್ನನ್ನು ನೋಡಿದರು.

"ಪಾತ್ರೇಲಿ ಸ್ವಲ್ಪ ಜಾಗ ಬಿಡಬೇಕಪ್ಪ. ಪಾಪ, ನೀವು ಓದಿದೋರು, ನಿಮಗೆಲ್ಲಿ ಗೊತ್ತಾಗಬೇಕು."