ಹತ್ತು ಅಂಕಕ್ಕೆ ಇಬ್ಬರು ಸೊಸೆಯರು

ಕನ್ನಡ ಮೇಷ್ಟ್ರಾದವನು ನಗು ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಹಾಜರಿ ಹಾಕಿಸಿಕೊಂಡು ಎದುರಿಗೆ ಕೂತಿರುತ್ತೆ. ಎಂಬತ್ತರ ದಶಕದಲ್ಲಿ ನಾನು ಬಂಗಾರಪೇಟೆಯಿಂದ ದಿನಾ ರೈಲು ಹತ್ತಿ ಚಿನ್ನದ ಗಣಿಗಳ ಊರಾದ ಊರಿಗಾಂನ ಕಾಲೇಜಿಗೆ ಹೋಗುತ್ತಿದ್ದೆ. ಪಠ್ಯಕ್ಕೆ ಒಂದು ಹಳೇ ಕಾದಂಬರಿ ಇತ್ತು. ಅದರಲ್ಲಿ ಒಂದೇ ಮನೆಯ ಇಬ್ಬರು ಸೊಸೆಯರು. ಅತ್ತೆ ಏನಂದರೂ ಹಿರಿಯವಳು ತುಟಿ ಬಿಚ್ಚಳು, ಕಿರಿಯವಳು ಒಂದಕ್ಕೆ ನಾಲ್ಕು ಆಡುವಳು. 'ಇಬ್ಬರನ್ನೂ ಹೋಲಿಸಿ' ಅನ್ನುವ ಹತ್ತು ಅಂಕದ ಪ್ರಶ್ನೆ ವರ್ಷಾ ವರ್ಷಾ ಬರೋದು.

೧. ಭೂಮಿ ತೂಕ

ಗಣಿ ಕಾರ್ಮಿಕರ ಲೈನ್‌ಮನೆಯ ಒಬ್ಬ ಹುಡುಗ. ಮನೆಮಾತು ತಮಿಳು, ಬರೆಯೋದು ಕನ್ನಡ. ಅವನ ಉತ್ತರ ಹೀಗಿತ್ತು: 'ಹಿರಿ ಸೊಸೆ ಭೂಮಿಯಂತೆ ತಾಳ್ಮೆಯವಳು. ಕಿರಿ ಸೊಸೆಯೂ ಭೂಮಿಯಂತೆಯೇ. ಆದರೆ ನಮ್ಮೂರ ಭೂಮಿ. ಒಳಗೆ ಯಾವಾಗ ಬಂಡೆ ಸಿಡಿಯುತ್ತೋ, ಅಡುಗೆಮನೆ ಪಾತ್ರೆ ಯಾವಾಗ ಬೀಳುತ್ತೋ ಗೊತ್ತಿಲ್ಲ.'

ಒಂಬತ್ತು ಅಂಕ ಕೊಟ್ಟೆ.

"ಇನ್ನೊಂದು ಯಾಕೆ ಸಾರ್ ಕಟ್?" ಅಂದ.

"ಅಕ್ಷರ ನೋಡಪ್ಪ, ಬಂಡೆ ಸಿಡಿಯೋವಾಗಲೇ ಬರೆದಂಗಿದೆ."

೨. ಎಮ್ಮೆಯ ಪರವಾಗಿ

ಒಂದು ಬೆಳಿಗ್ಗೆ ರೈಲಿನಲ್ಲಿ ಅದೇ ಕಾದಂಬರಿ ತಿರುವಿ ಹಾಕುತ್ತಿದ್ದೆ. ಪಕ್ಕದಲ್ಲಿ ಹಾಲಿನ ಕ್ಯಾನಿಟ್ಟುಕೊಂಡು ಕೂತ ಹೆಂಗಸು, "ಏನ್ ಕತೆ ಸಾಮಿ ಅದು?" ಅಂದಳು. ಹೇಳಿದೆ. ಹಿರಿಯವಳನ್ನು ಸ್ವಲ್ಪ ಜಾಸ್ತಿಯೇ ಹೊಗಳಿದೆ.

"ಒದೀದೆ ಆಲು ಕೊಡೋ ಎಮ್ಮೇನ ಎಲ್ರೂ ಒಳ್ಳೇದು ಅಂತಾರೆ. ಎಮ್ಮೇನ ಯಾರಾದ್ರೂ ಕೇಳವ್ರಾ?" ಅಂದಳು.

ಎಂಥ ವಿಮರ್ಶೆ! ಅವತ್ತು ತರಗತಿಯಲ್ಲಿ ಆ ಮಾತನ್ನು ನನ್ನದೇ ಅನ್ನುವಂತೆ ಗಂಭೀರವಾಗಿ ಬಿಟ್ಟೆ. ಹುಡುಗರು ಬೆಂಚು ಕುಟ್ಟಿದರು. ಹಿಂದಿನ ಸಾಲಿನಲ್ಲೊಬ್ಬಳು ಎದ್ದು ನಿಂತಳು.

"ಸಾರ್, ನಮ್ಮಮ್ಮಾನೂ ಇಂಗೇ ಅಂತಾಳೆ."

"ಹೌದಾ! ಯಾರಮ್ಮ ನಿಮ್ಮಮ್ಮ?"

"ಬೆಳಿಗ್ಗೆ ನಿಮ್ ಪಕ್ಕದಲ್ಲೇ ಕೂತಿದ್ಲಲ್ಲ ಸಾರ್, ಆಲಿನ ಕ್ಯಾನ್ ಇಟ್ಕಂಡು."

೩. ಹೆಣ್ಣು ನೋಡಿದ್ದು

ನನಗೆ ಹೆಣ್ಣು ನೋಡಲು ಬಂಗಾರಪೇಟೆ ಹತ್ತಿರದ ಹಳ್ಳಿಗೆ ಹೋದೆವು. ನಮ್ಮವ್ವನ ಬಾಯಿಗೆ ಊರೇ ಹೆದರುತ್ತಿತ್ತು. ಆ ಬಾಯಿಗೆ ಹೊಂದಿಕೊಳ್ಳುವವಳು ಸಿಗದಿದ್ದರೆ ನನ್ನ ಗತಿಯೇನು? ಹುಡುಗಿ ಪಿಯುಸಿ ಓದಿದವಳು, ಅವಳಿಗೂ ಅದೇ ಪಠ್ಯವಿತ್ತು ಅಂತ ತಿಳಿದು, ಬುದ್ಧಿವಂತಿಕೆಯಿಂದ ಕಾದಂಬರಿಯ ಮೇಲೆಯೇ ಪ್ರಶ್ನೆ ಹಾಕಿದೆ.

"ಹಿರಿ ಸೊಸೆ ಇಷ್ಟವೋ, ಕಿರಿ ಸೊಸೆಯೋ?"

ಅವಳು ತಲೆ ತಗ್ಗಿಸಿ, "ಹಿರಿ ಸೊಸೆ" ಅಂದಳು. ನಾನು ಗೆದ್ದೆ ಅಂದುಕೊಂಡೆ. ಅವ್ವ ಆಗಲೇ ಎಲೆಅಡಿಕೆ ತಟ್ಟೆಗೆ ಕೈಹಾಕಿದ್ದಳು.

ಮದುವೆಯಾದ ಎಂಟನೇ ದಿನ ಹುಳಿಗೆ ಉಪ್ಪು ಜಾಸ್ತಿಯಾಯಿತು. ಅವ್ವ ಒಂದು ಅಂದಳು. ನನ್ನ ಹೆಂಡತಿ ನಾಲ್ಕು ಅಂದಳು. ನಾನು ತಟ್ಟೆ ಪಕ್ಕಕ್ಕೆ ಸರಿಸಿ ಹೆಂಡತಿಯ ಕಡೆ ತಿರುಗಿದೆ.

"ಅವತ್ತು ಹಿರಿ ಸೊಸೆ ಇಷ್ಟ ಅಂದೆಯಲ್ಲೇ!"

"ಈಗ್ಲೂ ಇಷ್ಟಾನೇ," ಅಂದಳು ತಣ್ಣಗೆ. "ಅಂಥ ಓರಗಿತ್ತಿ ಇದ್ದಿದ್ರೆ ಮನೆ ಕೆಲಸ ಎಲ್ಲಾ ಅವಳೇ ಮಾಡೋಳು."

ಅವ್ವನ ಕಡೆ ನೋಡಿದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

"ಲೇ, ಇವ್ಳು ಸರಿಯಾಗೇ ಓದವ್ಳೆ ಕಣ್ಲಾ. ಮೇಷ್ಟ್ರಾಗಿ ನಿಂಗೇ ಪ್ರಶ್ನೆ ಕೇಳಕ್ ಬರಾಕಿಲ್ಲ!"